ವಾಯವ್ಯಕ್ಕೆ ಹೊರಟ ಹೊಗೆ

ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಪರಮೇಶ್ವರಪ್ಪನವರು ಗುಡ್ಡ ಕೊರೆದು ನೀರು ತಂದವರು ಎಂದು ಶಿವಮೊಗ್ಗದ ವಿನೋಬನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳದೆ ವಿಧಿಯಿಲ್ಲ, ಅವರೇ ಎಲ್ಲರಿಗೂ ಹೇಳಿಟ್ಟಿದ್ದಾರೆ. ಎಂಥೆಂಥ ಬಂಡೆಗಳನ್ನು ಸೀಳಿ ಕಾಲುವೆ ಹರಿಸಿದ ಆ ಮಹಾನುಭಾವರಿಗೆ ತಮ್ಮ ಸ್ವಂತ ಮನೆಯ ಅಡುಗೆಮನೆ ಗೋಡೆಯಲ್ಲಿ ಒಂದು ತಟ್ಟೆಯಗಲದ ತೂತು ಹೊಡೆಸಲು ಮಾತ್ರ ಧೈರ್ಯ ಬರಲಿಲ್ಲ. ಆ ತೂತು ಬೇಕಾಗಿದ್ದದ್ದು ಅವರಿಗಲ್ಲವಲ್ಲ, ಹೆಂಡತಿ ದಾಕ್ಷಾಯಣಿಗೆ.

ದಾಕ್ಷಾಯಣಿಗೆ ಕೆಮ್ಮು. ಕಾಯಿಸಿದ ಎಣ್ಣೆಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಬಿದ್ದು ಘಾಟು ಎದ್ದರೆ ಸಾಕು, ಎದೆಯ ತಳದಿಂದ ಕಿತ್ತುಕೊಂಡು ಬರುತ್ತಿತ್ತು. ಸೌಟನ್ನು ಒಂದು ಕೈಯಲ್ಲಿ, ಸೆರಗನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವಳು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದಳು. ಮನೆಗೆ ಇದರಿಂದ ಒಂದು ಅನುಕೂಲವೂ ಆಗಿತ್ತೆನ್ನಿ. ಒಗ್ಗರಣೆ ಎಂದರೆ ಅಡುಗೆಯ ಕೊನೆಯ ಕೆಲಸ. ಮುಂದಿನ ವರಾಂಡದಲ್ಲಿ ಕೂತ ಪರಮೇಶ್ವರಪ್ಪನವರು ಒಳಗಿನಿಂದ ಕೆಮ್ಮು ಬಂದೊಡನೆ ಪೇಪರು ಮಡಚಿ, ಕೈ ತೊಳೆದು, ಊಟದ ಟೇಬಲ್ಲಿಗೆ ಬಂದುಬಿಡುತ್ತಿದ್ದರು. ಕರೆಯುವ ಕೆಲಸ ಇರಲಿಲ್ಲ.

ಕೆಮ್ಮನ್ನು ದಾಕ್ಷಾಯಣಿ ಹೇಗೋ ಸಹಿಸಿಕೊಂಡಿದ್ದಳು. ಸಹಿಸಲಾಗದೆ ಹೋದದ್ದು ಹಾಡು ನಿಂತಾಗ. ಅಕ್ಕನ ಬಳಗದ ಹೆಂಗಸರು ಸೇರಿ ವಚನ ಹಾಡುವಾಗ ಮೊದಲ ಸ್ವರ ಎತ್ತುವವಳು ಯಾವತ್ತೂ ಅವಳೇ. ಮದುವೆಯಾಗಿ ಬಂದ ಮೇಲೆ ಅವಳದು ಎಂದು ಉಳಿದಿದ್ದದ್ದು ಅದೊಂದೇ. ಈಗೀಗ ಸಾಲಿನ ನಡುವೆಯೇ ಉಸಿರು ಕೈಕೊಡುತ್ತಿತ್ತು. ಡಾಕ್ಟರು ಎದೆ, ಬೆನ್ನು ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಬೀಡಿಗೀಡಿ ಸೇದ್ತೀರೇನಮ್ಮ?" ಎಂದರು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಡುಗೆಮನೆ ಹೊಗೆ ಹೊರಗೆ ಹೋಗೋ ಹಾಗೆ ಮಾಡ್ಕೊಳ್ಳಿ. ಇಲ್ಲಾಂದ್ರೆ ಹಾಡೋದಿರ್ಲಿ, ಮೆಟ್ಲು ಹತ್ತೋಕೂ ಉಸಿರು ಸಿಗಲ್ಲ," ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿದರು.

ಪರಮೇಶ್ವರಪ್ಪನವರು ತಕ್ಷಣ ಕಾರ್ಯಪ್ರವೃತ್ತರಾದರು. ನೆಹರೂ ರೋಡಿಗೆ ಹೋಗಿ ಕಪ್ಪು ಗಾಜಿನ, ಮೂರು ಬಟನ್ನಿನ ಒಂದು ಚಿಮಣಿ ತಂದರು. "ಇದಕ್ಕೆ ಗೋಡೆ ಒಡೆಯೋದೇ ಬೇಡ. ಹೊಗೆ ಎಳ್ಕೊಂಡು, ಒಳಗೇ ಸೋಸಿ, ಶುದ್ಧ ಗಾಳಿ ವಾಪಸ್ ಬಿಡುತ್ತೆ," ಎಂದರು. ಹೊಗೆ ಎಳೆದುಕೊಂಡದ್ದು ನಿಜ. ವಾಪಸ್ ಬಿಟ್ಟದ್ದೂ ನಿಜ. ನಡುವೆ ಸೋಸಿದ್ದೇನು ಎಂಬುದು ಮಾತ್ರ ತಯಾರಿಸಿದವನಿಗೇ ಗೊತ್ತು. ಮೊದಲು ಘಾಟು ಒಲೆಯ ಕಡೆಯಿಂದ ಬರುತ್ತಿತ್ತು, ಈಗ ತಲೆಯ ಮೇಲಿನಿಂದ ಬರತೊಡಗಿತು.

"ಇದೇ ಚಿಮಣಿಗೆ ಒಂದು ಪೈಪ್ ಜೋಡಿಸಿ, ಒಲೆ ಹಿಂದಿನ ಗೋಡೆಯಿಂದ ನೇರ ಹೊರಗೆ ಬಿಟ್ರೆ ಆಗಲ್ವೇನ್ರಿ? ಒಂದು ಮೊಳ ಪೈಪು ಸಾಕಲ್ಲ," ಎಂದಳು ದಾಕ್ಷಾಯಣಿ.

"ಹೇಳಿದಷ್ಟು ಸುಲಭ ಅಲ್ಲ ಮಾರಾಯ್ತಿ. ಅದು ಆಗ್ನೇಯದ ಗೋಡೆ. ಮೇಷ್ಟ್ರನ್ನ ಒಂದು ಮಾತು ಕೇಳ್ಬೇಕು."

ಮೇಷ್ಟ್ರು ಎಂದರೆ ಪಕ್ಕದ ಮನೆಯ ಲಕ್ಷ್ಮೀಕಾಂತ. ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು, ಈಗ ಜನರ ಜಾತಕ ಮತ್ತು ಮನೆಗಳ ವಾಸ್ತು ನೋಡುತ್ತಾರೆ. ಅವರ ಮನೆಗೂ ಇವರ ಮನೆಗೂ ನಡುವೆ ಒಂದು ಕಾಂಪೌಂಡು. ಇವರ ಅಡುಗೆಮನೆಯ ಗೋಡೆಗೆ ಎದುರಾಗಿ ಅವರ ದೇವರಮನೆಯ ಕಿಟಕಿ. ಲಕ್ಷ್ಮೀಕಾಂತರು ಬಂದರು, ಮೊಬೈಲಿನಲ್ಲಿ ದಿಕ್ಕು ನೋಡಿದರು, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ ಒಲೆಯ ಹಿಂದಿನ ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಅಗ್ನಿ ಮೂಲೆ ಪರಮೇಶ್ವರಪ್ಪನೋರೆ. ಈ ಗೋಡೆಗೆ ಪೆಟ್ಟು ಬಿದ್ರೆ ಯಜಮಾನನ ಆಯುಷ್ಯಕ್ಕೆ ಒಳ್ಳೇದಲ್ಲ."

"ಯಜಮಾನನ ಹೆಂಡ್ತಿ ಆಯುಷ್ಯಕ್ಕೆ?" ದಾಕ್ಷಾಯಣಿ ಕೇಳಿದಳು.

"ಶಾಸ್ತ್ರದಲ್ಲಿ ಯಜಮಾನನ ವಿಚಾರ ಅಷ್ಟೇ ಬರೋದು ದಾಕ್ಷಾಯಣಮ್ಮ," ಎಂದರು ಲಕ್ಷ್ಮೀಕಾಂತ, ಬಹಳ ಸಮಾಧಾನದಿಂದ. "ಗಾಳಿ ಹೊರಗೆ ಹೋಗೋದಕ್ಕೆ ಅಂತಲೇ ವಾಯುವಿನ ಮೂಲೆ ಇಲ್ವೇ? ವಾಯವ್ಯ. ಹೊಗೆ ಅಲ್ಲಿಂದ ಹೋದ್ರೆ ಮನೆಗೆ ಶ್ರೇಯಸ್ಸು."

ಆಗ್ನೇಯಕ್ಕೆ ವಾಯವ್ಯ ಎಂದರೆ ಮನೆಯ ಈ ತುದಿಗೆ ಆ ತುದಿ. ಲಕ್ಷ್ಮೀಕಾಂತರ ದೇವರಮನೆಯಿಂದ ಅತಿ ದೂರದ ಮೂಲೆಯೂ ಅದೇ. ಬೆಳ್ಳುಳ್ಳಿ ಒಗ್ಗರಣೆಯ ಘಾಟು ತಮ್ಮ ದೇವರ ನೈವೇದ್ಯದ ಮೇಲೆ ಬರುವುದು ಬೇಡ ಎಂದು ಬಾಯಿ ಬಿಟ್ಟು ಹೇಳಿದ್ದರೆ ದಾಕ್ಷಾಯಣಿ ಬೇಸರಪಡುತ್ತಿರಲಿಲ್ಲ. ಅದಕ್ಕೆ ಗಂಡನ ಆಯುಷ್ಯವನ್ನು ಯಾಕೆ ಎಳೆದು ತರಬೇಕಿತ್ತು? ಹಾಗೆಂದು ಅವಳು ಗಂಡನ ಮುಖ ನೋಡಿದರೆ, ಪರಮೇಶ್ವರಪ್ಪನವರ ಕಣ್ಣುಗಳು ಆಗಲೇ ಹೊಳೆಯುತ್ತಿದ್ದವು. ನಿವೃತ್ತರಾದ ಮೇಲೆ ಅವರಿಗೆ ಇಷ್ಟು ದೊಡ್ಡ ಯೋಜನೆ ಸಿಕ್ಕಿರಲಿಲ್ಲ.

ಮನೆಯ ನಕ್ಷೆ ಟೇಬಲ್ಲಿನ ಮೇಲೆ ಹರಡಿತು. ನೇರ ಗೆರೆ ಎಳೆದರೆ ಕೊಳವೆ ಮನೆಯ ನಡುಮಧ್ಯ ದಾಟುತ್ತಿತ್ತು. ಅದು ಬ್ರಹ್ಮಸ್ಥಾನ, ಅಲ್ಲಿ ಹೊಗೆ ಕೂಡದು ಎಂದರು ಮೇಷ್ಟ್ರು. ಸರಿ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ, ಕೊಳವೆ ಊಟದ ಕೋಣೆ, ಮಲಗುವ ಕೋಣೆ, ಹಾಲ್, ಅತಿಥಿಗಳ ಕೋಣೆ ಎಲ್ಲವನ್ನೂ ಸುತ್ತಿ ವರಾಂಡದ ತಲೆಯ ಮೇಲೆ ಹೊರಬರುವುದೆಂದು ತೀರ್ಮಾನವಾಯಿತು. ಹೊರಗಿನ ಒಂದು ಗೋಡೆಯ ಒಂದು ತೂತು ತಪ್ಪಿಸಲು ಹೋಗಿ ಒಳಗಿನ ಎಲ್ಲ ಗೋಡೆಗಳಿಗೂ ತೂತು ಬಿದ್ದವು. ಒಳಗೋಡೆಗಳಿಗೆ ದೋಷವಿಲ್ಲವಂತೆ.

ಕೆಲಸಕ್ಕೆ ಬಂದವನು ಮಾಚೇನಹಳ್ಳಿಯ ವರ್ಕ್‌ಶಾಪಿನ ಅಭಯ. ತಗಡಿನ ಕೊಳವೆ ಬಗ್ಗಿಸುವುದು, ಗೋಡೆ ಕೊರೆಯುವುದು, ಎರಡೂ ಅವನೇ. ಯಾವುದಕ್ಕೂ ಇಲ್ಲ ಎನ್ನುವ ಆಸಾಮಿಯಲ್ಲ. ಬಾವಿಯನ್ನೇ ಮಾಳಿಗೆಯ ಮೇಲಿಡು ಎಂದರೂ "ಆಗುತ್ತೆ ಸಾರ್" ಎನ್ನುವವನು. ಪರಮೇಶ್ವರಪ್ಪನವರು ಕೊಳವೆಗೆ ಉದ್ದಕ್ಕೂ ಇಳಿಜಾರು ಕೊಡಲು ಹೇಳಿದರು. ಅಡುಗೆಮನೆಯಲ್ಲಿ ಎತ್ತರ, ವರಾಂಡದ ಕಡೆಗೆ ತಗ್ಗು.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. "ಹೊಗೆ ಮೇಲಕ್ಕಲ್ವೇನ್ರಿ ಹೋಗೋದು?"

"ಇಳಿಜಾರಿನ ವಿಷಯ ನನಗೆ ಹೇಳ್ಕೊಡ್ಬೇಡ. ಇಳಿಜಾರಿಲ್ದೆ ಈ ಪ್ರಪಂಚದಲ್ಲಿ ಯಾವುದೂ ಹರಿಯಲ್ಲ."

ಅಭಯ ಒಮ್ಮೆ ಅಮ್ಮನ ಮುಖ ನೋಡಿದ, ಒಮ್ಮೆ ಸಾಹೇಬರ ಮುಖ ನೋಡಿದ, ಕೂಲಿ ಕೊಡುವವರು ಯಾರೆಂದು ಅಂದಾಜು ಮಾಡಿದ. "ಆಗುತ್ತೆ ಸಾರ್," ಎಂದು ಏಣಿ ಹತ್ತಿದ.

ಮುಹೂರ್ತವಿಟ್ಟೇ ಚಿಮಣಿಗೆ ಚಾಲನೆ ಕೊಟ್ಟರು. ಕಪ್ಪು ಗಾಜಿಗೆ ವಿಭೂತಿ ಎಳೆದರು, ಬಟನ್ನುಗಳಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಬಟನ್ ಒತ್ತಿದ್ದು ಮೇಷ್ಟ್ರು. ಫ್ಯಾನು ಟ್ರ್ಯಾಕ್ಟರಿನಂತೆ ಅಬ್ಬರಿಸಿತು. ದಾಕ್ಷಾಯಣಿ ಒಗ್ಗರಣೆ ಹಾಕಿ ಕೆಮ್ಮಿದಳು. ಗಂಡಸರಿಬ್ಬರೂ ಓಡಿಹೋಗಿ ವರಾಂಡದಲ್ಲಿ ನಿಂತು ಕತ್ತೆತ್ತಿ ನೋಡಿದರು. ಕೊಳವೆಯ ಬಾಯಿಂದ ಒಂದೆಳೆ ಹೊಗೆಯೂ ಬರಲಿಲ್ಲ.

"ಕಾಲುವೆ ಕೊನೆಗೆ ನೀರು ಬರೋಕೆ ಟೈಮ್ ಹಿಡಿಯುತ್ತೆ," ಎಂದರು ಪರಮೇಶ್ವರಪ್ಪನವರು, ಅನುಭವಸ್ಥರ ದನಿಯಲ್ಲಿ. ಅವರು ಕಟ್ಟಿಸಿದ ಕಾಲುವೆಗಳ ಕೊನೆಯ ರೈತರು ಆ ಮಾತನ್ನು ಬಹಳ ಸಲ ಕೇಳಿದ್ದಾರೆ.

ಶ್ರಾವಣ ಬಂತು. ಆ ಸಲದ ಸೋಮವಾರ ಅಕ್ಕನ ಬಳಗ ಸೇರುವ ಸರದಿ ದಾಕ್ಷಾಯಣಿಯ ಮನೆಯದು. ಬಂದವರಿಗೆ ಪ್ರಸಾದ ಆಗಬೇಕು, ಅದಕ್ಕೂ ಮೊದಲು ಅವಳು ವಚನ ಎತ್ತಬೇಕು. ಬೆಳಗಿನಿಂದ ಒಲೆಯ ಮುಂದೆ ಬೆಂದಳು. ಎಣ್ಣೆಗಾಯಿ, ಹೋಳಿಗೆ, ಸಾರು, ಪಲ್ಯ. ಅಷ್ಟೂ ಹೊಗೆಯಲ್ಲಿ ಒಂದಿಷ್ಟು ಅವಳ ಎದೆಗೆ ಹೋಯಿತು, ಉಳಿದದ್ದು ಕೊಳವೆ ಹೊಕ್ಕಿತು. ಕೊಳವೆಗೋ ಅಷ್ಟು ತಿರುವುಗಳು, ಪ್ರತಿ ತಿರುವಿಗೆ ಒಂದು ಸಂದು. ವಾಯವ್ಯದವರೆಗೆ ಹೋಗಲು ಹೊಗೆಗೇನು ಹರಕೆಯೇ? ಮೊದಲು ಸಿಕ್ಕ ಸಂದಿನಲ್ಲೇ ಅದು ಇಳಿಯಿತು. ಹಾಲಿನಲ್ಲಿ ಜಮಖಾನದ ಮೇಲೆ ಕೂತಿದ್ದ ಹೆಂಗಸರ ತಲೆಯ ಮೇಲೆ ಮೆಣಸಿನಕಾಯಿ ಘಾಟು ಮೆಲ್ಲಗೆ ಹರಡಿತು.

ಪರಮೇಶ್ವರಪ್ಪನವರಿಗೆ ಆ ಕಡೆ ಗಮನವಿರಲಿಲ್ಲ. ಅವರು ಬಿಳಿ ಜುಬ್ಬ ತೊಟ್ಟು ವರಾಂಡದಲ್ಲಿ ನಿಂತು, ಬಂದವರಿಗೆಲ್ಲ ಕೊಳವೆಯ ಬಾಯಿ ತೋರಿಸಿ ಯೋಜನೆ ವಿವರಿಸುತ್ತಿದ್ದರು. ಅವರು ಕೊಟ್ಟ ಇಳಿಜಾರಿಗೆ ಬೆಲೆ ಕೊಟ್ಟದ್ದು ಒಂದೇ ಒಂದು ವಸ್ತು, ಎಣ್ಣೆ ಜಿಡ್ಡು. ಅಷ್ಟು ದಿನವೂ ಕೊಳವೆಯೊಳಗೆ ಕೂತು ಕೂತು, ಇಳಿದು ಇಳಿದು, ಅದು ಸರಿಯಾಗಿ ಆ ಹೊತ್ತಿಗೆ ಬಾಯಿಗೆ ಬಂದು ಮುಟ್ಟಿತ್ತು. ಹೊಳಲೂರಿನ ಲಿಂಗಮ್ಮನಿಗೆ ಅವರು ವಾಯುವಿನ ಮೂಲೆಯ ಮಹತ್ವ ಹೇಳುತ್ತಿರುವಾಗ ಮೊದಲ ಹನಿ ಹೆಗಲಿಗೆ ಬಿತ್ತು, ಎರಡನೆಯದು ಬೋಳುತಲೆಗೆ.

ಒಳಗೆ ದಾಕ್ಷಾಯಣಿ ಮುಖ ತೊಳೆದು, ಸೀರೆ ಬದಲಾಯಿಸಿ, ಇಷ್ಟಲಿಂಗ ಮುಟ್ಟಿ ನಮಸ್ಕರಿಸಿ ಹಾಡಲು ಕೂತಳು. ಮೊದಲ ಸಾಲು ಬಂತು. ಎರಡನೆಯ ಸಾಲಿನ ಅರ್ಧಕ್ಕೆ ಎದೆಯೊಳಗೆ ಏನೋ ಕೆರೆದಂತಾಯಿತು. ತಡೆದಳು, ನುಂಗಿದಳು, ಆಗಲಿಲ್ಲ. ಕೆಮ್ಮು ಬಂದದ್ದು ನಿಲ್ಲಲೇ ಇಲ್ಲ. ಒಳಬಂದು ಕೂತಿದ್ದ ಲಿಂಗಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ಬಿಟ್ಟ ಸಾಲನ್ನು ಎತ್ತಿಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಎತ್ತಿಕೊಂಡಳು, ಚೆನ್ನಾಗಿಯೂ ಹಾಡಿದಳು. ಅದರಿಂದಲೇ ದಾಕ್ಷಾಯಣಿಗೆ ಹೆಚ್ಚು ನೋವಾಯಿತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟಳು.

ಎಲ್ಲರೂ ಹೋದ ಮೇಲೆ ಪರಮೇಶ್ವರಪ್ಪನವರು ಜುಬ್ಬ ಹಿಡಿದುಕೊಂಡು ಬಂದರು. "ಈ ಕಲೆ ಹೋಗುತ್ತಾ ನೋಡು. ಸಂದಿಗೆ ಇನ್ನೊಂದು ಸುತ್ತು ಟೇಪ್ ಹಾಕ್ಸಿದ್ರೆ ಎಲ್ಲ ಸರಿ ಹೋಗುತ್ತೆ."

"ನಾನು ಭದ್ರಾವತಿಗೆ ಹೋಗ್ತೀನಿ," ಎಂದಳು ದಾಕ್ಷಾಯಣಿ.

ಭದ್ರಾವತಿಯಲ್ಲಿ ತಮ್ಮ ರುದ್ರೇಶನ ಮನೆ. ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ ಹಳೆಯದೊಂದು ಪುಟ್ಟ ಮನೆಯಲ್ಲಿದ್ದಾನೆ. ಅವನ ಹೆಂಡತಿ ಸುಮನಾ ಒಲೆಯ ಮೇಲಿನ ಗೋಡೆಯಲ್ಲಿ ಒಂದು ತೂತು ಮಾಡಿಸಿ, ಸಾಧಾರಣ ಫ್ಯಾನೊಂದನ್ನು ಕೂರಿಸಿದ್ದಳು. ಅದು ಯಾವ ದಿಕ್ಕು ಎಂದು ಕೇಳಿದರೆ, "ಹಿತ್ತಲ ಕಡೆ," ಎಂದಳು. ಹೊಗೆ ಎದ್ದಿತು, ಹಿತ್ತಲಿಗೆ ಹೋಯಿತು. ಕತೆ ಮುಗಿಯಿತು. ಅಲ್ಲಿದ್ದ ದಿನಗಳಲ್ಲಿ ದಾಕ್ಷಾಯಣಿಯೇ ಹಟ ಹಿಡಿದು ಅಡುಗೆ ಮಾಡಿದಳು. ಹೊರಡುವ ಹಿಂದಿನ ಸಂಜೆ ಸುಮನಾಳ ಬಲವಂತಕ್ಕೆ ಹಾಡಲು ಕೂತರೆ ಎರಡು ಸಾಲು ಒಂದೇ ಉಸಿರಿನಲ್ಲಿ ಬಂತು. ಅವಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು.

"ಅಕ್ಕಾ, ನಮ್ಮೂರಲ್ಲಿ ಕಾರ್ಖಾನೆ ಮುಚ್ಚಿ ಅದರ ಚಿಮಣಿಯಿಂದ ಹೊಗೆ ಬರೋದು ನಿಲ್ತು ಅಂತ ಜನ ಅತ್ತಿದ್ದು ನೋಡಿದೀನಿ. ಮನೆ ಚಿಮಣಿಯಿಂದ ಹೊಗೆ ಹೊರಗೆ ಬರ್ಲಿಲ್ಲ ಅಂತ ಅಳೋಳು ನೀನೇ ಮೊದಲು," ಎಂದ ರುದ್ರೇಶ. "ಭಾವನಿಗೆ ನಾನು ಹೇಳ್ಲಾ?"

ಸುಮನಾ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿದಳು. "ಅಕ್ಕ, ನಿಮ್ಮ ಮನೆಯವ್ರು ಅಡುಗೆಮನೆ ಒಳಗೆ ಬರ್ತಾರಾ?"

"ನೀರು ಕುಡಿಯೋಕೂ ಬರಲ್ಲ. ಟೇಬಲ್ ಮೇಲೆ ಇಡ್ಬೇಕು."

"ಮತ್ತೆ ಅವ್ರಿಗೆ ಹೇಳೋದು ಯಾಕೆ?"

ದಾಕ್ಷಾಯಣಿ ಬಸ್ಸಿನಲ್ಲಿ ಮಾಚೇನಹಳ್ಳಿ ದಾಟುವವರೆಗೂ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಒಬ್ಬರನ್ನು ಕೇಳಲೇಬೇಕಿತ್ತು. ಮನೆಗೆ ಬಂದವಳೇ ಕಾಂಪೌಂಡಿನ ಹತ್ತಿರ ನಿಂತು ಲಕ್ಷ್ಮೀಕಾಂತರ ಹೆಂಡತಿ ಸುಬ್ಬಲಕ್ಷ್ಮಿಯನ್ನು ಕರೆದಳು. ಗೋಡೆಗೆ ತೂತು ಹೊಡೆಸುವುದಾಗಿ, ಹೊಗೆ ಅವರ ಕಡೆಗೇ ಬರುವುದಾಗಿ, ಸುತ್ತಿ ಬಳಸದೆ ಹೇಳಿದಳು. "ನಿಮ್ಮ ದೇವರಮನೆ ಕಿಟಕಿ ಎದುರೇ ಇದೆ. ನಿಮಗೆ ಬೇಡ ಅನ್ಸಿದ್ರೆ ಬಿಟ್ಬಿಡ್ತೀನಿ ಸುಬ್ಬಲಕ್ಷ್ಮಮ್ಮ."

ಸುಬ್ಬಲಕ್ಷ್ಮಿ ಒಣಗಿದ ಮಡಿಬಟ್ಟೆಯನ್ನು ಕೋಲಿನಿಂದ ಇಳಿಸಿಕೊಂಡರು. "ನಮ್ಮ ದೇವರಿಗೆ ಅಷ್ಟೊಂದು ಮೂಗಿದ್ದಿದ್ರೆ ಇವ್ರ ನಶ್ಯದ ವಾಸನೆಗೇ ಎಂದೋ ಎದ್ದು ಹೋಗ್ತಿದ್ದ. ನೈವೇದ್ಯ ಆಗೋವರೆಗೆ ಬೆಳ್ಳುಳ್ಳಿ ಹಾಕ್ಬೇಡಿ, ಅಷ್ಟೆ. ಆಮೇಲೆ ಧಾರಾಳವಾಗಿ ಹಾಕಿ." ಆಮೇಲೆ ದನಿ ತಗ್ಗಿಸಿದರು. "ನನಗಂತೂ ಆ ವಾಸನೆ ಇಷ್ಟ ಮಾರಾಯ್ತಿ. ಇವ್ರ ಹತ್ರ ಹೇಳ್ಬೇಡಿ."

ಅಂತೂ ವಾಸ್ತುವಿನ ದೊಡ್ಡ ತೊಡಕು ಕಾಂಪೌಂಡಿನ ಮೇಲೆಯೇ ಬಗೆಹರಿಯಿತು.

ನಿವೃತ್ತ ಇಂಜಿನಿಯರುಗಳ ಸಂಘದವರು ತ್ಯಾವರೆಕೊಪ್ಪಕ್ಕೆ ಸಿಂಹ ನೋಡಲು ಹೋಗುವ ದಿನ ಪರಮೇಶ್ವರಪ್ಪನವರು ಟೋಪಿ ಹಾಕಿಕೊಂಡು ಹೊರಟರು, ಜೊತೆಗೆ ಮೇಷ್ಟ್ರನ್ನೂ ಕರೆದುಕೊಂಡರು. ಅವರ ವ್ಯಾನು ತಿರುವು ದಾಟಿದ ಮೇಲೆ ರುದ್ರೇಶನ ಸ್ಕೂಟರು ಬಂತು. ಹಿಂದೆ ಕೊರೆಯುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅಭಯ.

"ಇಲ್ಲಿಂದ ನೇರ ಹೊರಗೆ. ಸ್ವಲ್ಪ ಎತ್ತರದಲ್ಲಿ, ಅವ್ರ ಕಿಟಕಿಗಿಂತ ಮೇಲೆ," ಎಂದಳು ದಾಕ್ಷಾಯಣಿ.

"ಆಗುತ್ತೆ ಅಮ್ಮ," ಎಂದ ಅಭಯ. ಈ ಸಲವೂ ಅವನಿಗೆ ಯಾವ ಸಂಶಯವೂ ಇರಲಿಲ್ಲ.

ಯಂತ್ರ ಕಿರುಚಿತು, ಕೆಂಪು ಇಟ್ಟಿಗೆಯ ಪುಡಿ ಉದುರಿತು. ಗೋಡೆಯ ತುಂಡು ದುಂಡಗೆ ಈಚೆ ಬಂದಾಗ ಬಿಸಿಲು ತಟ್ಟೆಯಗಲವಾಗಿ ಒಲೆಯ ಮೇಲೆ ಬಿತ್ತು. ದಾಕ್ಷಾಯಣಿ ಅಲ್ಲಿ ಕೈ ಚಾಚಿ ನೋಡಿದಳು. ಹೊರಗಿನ ತಂಪು ಗಾಳಿ ಬೆರಳಿಗೆ ತಾಕಿತು. ಇಷ್ಟಕ್ಕೇ ಇಷ್ಟೆಲ್ಲ ಆಯಿತಲ್ಲ ಎನಿಸಿತು. ಮೊಳದುದ್ದದ ಕೊಳವೆ ಕೂತಿತು, ಹೊರಗೆ ಮಳೆ ಬಡಿಯದಂತೆ ಒಂದು ಮುಚ್ಚಳ ಬಂತು. ಮನೆ ಸುತ್ತುವ ಹಳೆಯ ಕೊಳವೆಯನ್ನು ಚಿಮಣಿಯಿಂದ ಕಳಚಿ, ಬಾಯಿ ಮುಚ್ಚಿ, ಇದ್ದಲ್ಲೇ ಬಿಟ್ಟರು. ವರಾಂಡದಲ್ಲಿ ಬಂದವರಿಗೆ ತೋರಿಸಲು ಒಂದು ಯೋಜನೆ ಬೇಕಲ್ಲ. ನೀರು ಹರಿಯದಿದ್ದರೂ ಉದ್ಘಾಟನೆಯ ಕಲ್ಲು ಕಾಯ್ದುಕೊಂಡಿರುವ ಕಾಲುವೆಗಳು ಜಿಲ್ಲೆಯಲ್ಲಿ ಅವೆಷ್ಟಿಲ್ಲ.

ಸಂಜೆ ಬಂದ ಪರಮೇಶ್ವರಪ್ಪನವರು ಸಿಂಹದ ಕತೆ ಹೇಳಿದರು. "ನಾವು ಜಾಲರಿ ಹಾಕಿದ ಬಸ್ಸಲ್ಲಿ ಕೂತಿದ್ವಿ, ಅದು ಹೊರಗೆ ಆರಾಮಾಗಿ ಮಲಗಿತ್ತು. ನಮ್ಮ ಕಡೆ ತಿರುಗಿ ಸಹ ನೋಡ್ಲಿಲ್ಲ," ಎಂದು ಬೇಸರಪಟ್ಟುಕೊಂಡರು. ಮನೆಯಲ್ಲಿ ಹೊಸದೇನೂ ಅವರ ಕಣ್ಣಿಗೆ ಬೀಳಲಿಲ್ಲ. ದಾಕ್ಷಾಯಣಿ ಬೆಳಗಿನ ಉಪ್ಪಿಟ್ಟನ್ನೇ ಬಿಸಿ ಮಾಡಿ ಕೊಟ್ಟಳು.

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ದೇವರಮನೆಯಲ್ಲಿ ಗಂಟೆ ನಿಂತಿತು. ಕಿಟಕಿಯಲ್ಲಿ ಸುಬ್ಬಲಕ್ಷ್ಮಿಯವರ ಮುಖ ಒಮ್ಮೆ ಕಾಣಿಸಿ ಮರೆಯಾಯಿತು. ದಾಕ್ಷಾಯಣಿ ಬಟನ್ ಒತ್ತಿ, ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಒಣಮೆಣಸಿನಕಾಯಿ ಮುರಿದು ಹಾಕಿದಳು. ಅಭ್ಯಾಸಬಲದಿಂದ ಸೆರಗು ಬಾಯಿಗೆ ಹೋಯಿತು. ಘಾಟು ಎದ್ದಿತು, ತಿರುಗಿತು, ಗೋಡೆಯಿಂದ ಆಚೆ ಹೋಯಿತು. ಅವಳು ಸೆರಗು ಇಳಿಸಿ ಕಾದಳು. ಏನೂ ಬರಲಿಲ್ಲ. ಸಾರಿಗೆ ಒಗ್ಗರಣೆ ಸುರಿದು ಮುಚ್ಚಳ ಮುಚ್ಚಿ, ಅಲ್ಲೇ ನಿಂತು, ಅಂದು ಲಿಂಗಮ್ಮ ಎತ್ತಿಕೊಂಡ ಆ ವಚನವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಮೆಲ್ಲಗೆ ಹಾಡಿದಳು, ಆದರೆ ಎಲ್ಲಿಯೂ ಕಡಿಯಲಿಲ್ಲ.

ಆಮೇಲೆ ಊಟದ ಟೇಬಲ್ ನೋಡಿದಳು. ಯಾರೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದಳು. ಅನ್ನ ಆರುತ್ತಿತ್ತು. ಕರೆಯೋಣವೆಂದು ಬಾಯಿ ತೆರೆದವಳು ಕರೆಯಲಿಲ್ಲ. ತನ್ನ ತಟ್ಟೆಗೆ ಬಿಸಿ ಅನ್ನ, ಸಾರು ಬಡಿಸಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಉಂಡಳು. ಬಿಸಿ ಸಾರು ಇಷ್ಟು ರುಚಿಯೆಂದು ಮರೆತೇ ಹೋಗಿತ್ತು.

ಅವಳ ಊಟ ಮುಗಿಯುವ ಹೊತ್ತಿಗೆ ಪರಮೇಶ್ವರಪ್ಪನವರು ಪೇಪರು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಯ ಬಾಗಿಲವರೆಗೂ ಬಂದರು. ಮುಖದಲ್ಲಿ ಹಸಿವಿತ್ತು, ಅದಕ್ಕಿಂತ ಹೆಚ್ಚಾಗಿ ಅಸಮಾಧಾನವಿತ್ತು.

"ಯಾಕೆ, ಅಡುಗೆ ಆಗಿಲ್ವಾ ಇನ್ನೂ? ಆಗಿಂದ ಕಾಯ್ತಾ ಇದೀನಿ. ನೀನು ಕೆಮ್ಮಿದ್ದೇ ಕೇಳ್ಲಿಲ್ಲ."

ದಾಕ್ಷಾಯಣಿಯ ಕೈ ತಟ್ಟೆಯಲ್ಲೇ ನಿಂತಿತು. ಕೇಳುತ್ತಿತ್ತು ಹಾಗಾದರೆ. ಇಷ್ಟು ವರ್ಷ, ದಿನಾ, ವರಾಂಡದವರೆಗೂ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಅವಳು ಅವರ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

ಪರಮೇಶ್ವರಪ್ಪನವರ ಕಣ್ಣು ಅಷ್ಟರಲ್ಲಿ ಒಲೆಯ ಮೇಲಕ್ಕೆ ಹೋಗಿತ್ತು. ಗೋಡೆಯನ್ನು ಹೊಕ್ಕಿದ್ದ ಕೊಳವೆ ನೋಡಿ ಅವರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಆಯುಷ್ಯ ಸದ್ಯಕ್ಕೆ ಅಲ್ಲೇ ಬಡಿದುಕೊಳ್ಳುತ್ತಿತ್ತು.

"ಅಗ್ನಿ ಮೂಲೆ ಗೋಡೆ," ಎಂದರು ಸಣ್ಣ ದನಿಯಲ್ಲಿ. "ಮುಹೂರ್ತ ಆದ್ರೂ ನೋಡಿದ್ಯಾ?"

"ನೋಡ್ದೆ. ನೀವು ಮನೇಲಿ ಇಲ್ಲದ ಹೊತ್ತು."

ಅವರು ಟೇಬಲ್ಲಿನ ಕಡೆ ನೋಡಿದರು. ಅಲ್ಲಿ ತಟ್ಟೆಯೂ ಇರಲಿಲ್ಲ, ನೀರೂ ಇರಲಿಲ್ಲ. "ಊಟ?" ಎಂದರು.

ದಾಕ್ಷಾಯಣಿ ಎದ್ದು ತನ್ನ ತಟ್ಟೆ ತೊಳೆದಿಟ್ಟಳು. "ಅನ್ನ, ಸಾರು ಇಲ್ಲೇ ಒಲೆ ಪಕ್ಕ ಇದೆ, ಬಡಿಸ್ಕೊಳ್ಳಿ. ಹಾಲಲ್ಲಿ ಗಡಿಯಾರ ಇದೆಯಲ್ಲ, ನಾಳೆಯಿಂದ ಅದನ್ನ ನೋಡ್ಕೊಂಡು ಬನ್ನಿ."